ರೂತಮ್ಮನ ಹಸೆ

ಕಳೆದ ವಾರ ಒಂದು ಚಿಕ್ಕ ಇಗರ್ಜಿಯಿಂದ ಫೋನ್ ಬಂತು. ಯಲ್ಲಾಪುರದಿಂದ ಕಿರವತ್ತಿಗೆ ಹೋಗುವ ದಾರಿಯಲ್ಲಿದೆ ಅದು. ಸಭಾಭವನದ ಗೋಡೆಯ ಚಿತ್ರಗಳು ಅಲ್ಲಲ್ಲಿ ಮಾಸಿವೆ, ಬಂದು ತಿದ್ದಿಕೊಡಿ ಎಂದರು. ಹೋದೆ. ಅಕ್ಕಿಹಿಟ್ಟು ಕಲಸಿ, ಕೆಮ್ಮಣ್ಣು ನೆನೆಸಿ ಕೂತಾಗ ಎರಡರ ವಾಸನೆಯೂ ಸೇರಿ ಮೂಗಿಗೆ ಬಂತು. ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ವಾಸನೆ.

ಹೊಸದಾಗಿ ವರ್ಗವಾಗಿ ಬಂದ ಫಾದರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ನನ್ನ ಹಿಂದೆ ಬಂದು ನಿಂತು, "ಬಸವರಾಜ್, ಆ ಕೆಳಗಿನ ಮೂಲೆಯಲ್ಲಿ ಮೂರು ಗೆರೆ ಸೊಟ್ಟ ಇವೆ ನೋಡಿ. ಹೇಗೂ ಬಂದಿದ್ದೀರಿ, ಅವನ್ನೂ ನೆಟ್ಟಗೆ ಮಾಡಿಬಿಡಿ" ಎಂದರು.

"ಅವನ್ನ ನೆಟ್ಟಗ ಮಾಡಾಕ ಆಗೂದಿಲ್ರೀ ಫಾದರ್" ಎಂದೆ.

ದನಿ ಸ್ವಲ್ಪ ಗಡುಸಾಗಿಯೇ ಬಂದಿರಬೇಕು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದಾಳೆ. ಫಾದರ್ ಪಾಪ, ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಒಂದು ಕುರ್ಚಿ ಎಳೆದು ಕೂತು, "ಯಾಕೆ ಅಂತ ಹೇಳಿ" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಮೂರು ವರ್ಷದ ಹಿಂದಿನ ಸುಗ್ಗಿಯ ಮಾತು. ನಾನು ಶಿರಸಿಯಲ್ಲಿ ಫ್ಲೆಕ್ಸ್ ಅಂಗಡಿ ಹಾಕಿ ಆಗ ಎಂಟು ವರ್ಷವಾಗಿತ್ತು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಕೈಯಲ್ಲಿ ಬೋರ್ಡ್ ಬರೆದವನು. ನಮ್ಮೂರು ಬನವಾಸಿ ಕಡೆ. ಸೀರೆ ಅಂಗಡಿಯ ಹೆಂಗಸರು, ಔಷಧಿ ಅಂಗಡಿಯ ಹಾವು, ಲಾರಿಯ ಹಿಂದಿನ ನವಿಲು, ಶಾಲೆಯ ಗೋಡೆಯ ಭೂಪಟ, ನಾನು ಬರೆಯದೆ ಬಿಟ್ಟದ್ದು ಯಾವುದೂ ಇಲ್ಲ. ಫ್ಲೆಕ್ಸ್ ಬಂದಾಗ ಎರಡು ವರ್ಷ ಅದನ್ನು ಬಾಯಿತುಂಬ ಬೈದೆ. ಮೂರನೆಯ ವರ್ಷ ನಾನೇ ಆ ಮಷಿನ್ ತಂದು ಕೂರಿಸಿದೆ. ಕುಂಚಗಳನ್ನೆಲ್ಲ ಬಣ್ಣದ ಖಾಲಿ ಡಬ್ಬಿಯೊಂದಕ್ಕೆ ತುರುಕಿ ಅಟ್ಟಕ್ಕೆ ಎಸೆದೆ.

ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾದ ದಿನಗಳಲ್ಲಿ ಆಗಿನ ಫಾದರ್ ಅಂಗಡಿಗೆ ಬಂದರು. ವಯಸ್ಸಾದವರು, ಮನೆಮಾತು ಕೊಂಕಣಿ, ಕನ್ನಡವನ್ನು ನಿಧಾನವಾಗಿ, ಚೊಕ್ಕವಾಗಿ ಆಡುವವರು. ಹೊಸ ಸಭಾಭವನದ ನಾಲ್ಕು ಗೋಡೆಗೆ ಬೈಬಲಿನ ಹಳೆಯ ಒಡಂಬಡಿಕೆಯ ನಾಲ್ಕು ಕತೆಗಳ ಫ್ಲೆಕ್ಸ್ ಬೇಕಿತ್ತು. ನಾನು ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದೆ. ಎಲ್ಲರೂ ಬಿಳಿ ತೊಗಲಿನ, ಕೆಂಚು ಗಡ್ಡದ ಜನ. ಹಿಂದೆ ಹಿಮ ಬಿದ್ದ ಗುಡ್ಡ. ಫಾದರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಇದು ಯಾವ ಊರು ಬಸವರಾಜ್? ಈ ಕತೆಗಳು ಯೆಹೂದಿ ಜನರವು. ಹೀಬ್ರೂ ಭಾಷೆಯಲ್ಲಿ ಬರೆದಿಟ್ಟದ್ದು. ಕುರಿ ಕಾಯುವವರು, ಗದ್ದೆ ಕೊಯ್ಯುವವರು, ಬಿಸಿಲಲ್ಲಿ ತಿರುಗಿದ ಜನ. ಈ ಚಿತ್ರ ನೋಡಿದರೆ ಅವರಿಗೂ ಗುರುತು ಸಿಗಲಿಕ್ಕಿಲ್ಲ, ನಮ್ಮವರಿಗೂ ಸಿಗಲಿಕ್ಕಿಲ್ಲ. ನೀವು ಮೊದಲು ಕೈಯಲ್ಲೇ ಬರೀತಿದ್ರಂತೆ, ಹೌದಾ?"

ಹೌದು ಎಂದೆ. ಎಂಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅಂದು ಮನೆಗೆ ಹೋದವನೇ ಅಟ್ಟ ಹತ್ತಿದೆ.

ಆ ಎರಡು ತಿಂಗಳು ನನ್ನ ಬದುಕಿನ ಒಳ್ಳೆಯ ತಿಂಗಳುಗಳು. ಶಿರಸಿಯಲ್ಲಿ ಇಬ್ಬನಿ ಬಿಡುವ ಮೊದಲೇ ಹೊರಡುತ್ತಿದ್ದೆ. ಯಲ್ಲಾಪುರ ದಾಟಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಹೆದ್ದಾರಿಯ ಲಾರಿಗಳು ಧೂಳೆಬ್ಬಿಸಿಕೊಂಡು ಓಡುತ್ತಿರುತ್ತಿದ್ದವು. ಸಭಾಭವನದ ತಗಡಿನ ಮೇಲೆ ಸಾಗವಾನಿಯ ಒಣ ಎಲೆಗಳು ಬಿದ್ದು ಸದ್ದು ಮಾಡುತ್ತಿದ್ದವು. ಫಾದರ್ ಕುರ್ಚಿ ಹಾಕಿಕೊಂಡು ಕತೆ ಹೇಳುವುದು, ನಾನು ಬರೆಯುವುದು. ನಾನು ಲಿಂಗ ಕಟ್ಟಿದವನು, ಬೈಬಲಿನ ಒಂದು ಸಾಲೂ ಗೊತ್ತಿರಲಿಲ್ಲ. ಅದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ. ಪ್ರತಿ ಕತೆಯೂ ನನಗೆ ಅವತ್ತೇ ನಡೆದಂತೆ ಇತ್ತು.

ಪ್ರಳಯದಿಂದ ಪ್ರಾಣಿಗಳನ್ನು ಉಳಿಸಿದ ನೋಹನ ಹಡಗನ್ನು ಕಿರವತ್ತಿಯ ಮರದ ಡಿಪೋದಲ್ಲಿ ಕಟ್ಟಿಸಿದೆ. ನಂಬರು ಹೊಡೆದ ದಿಮ್ಮಿಗಳು, ಕ್ರೇನು, ನೋಹನ ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಏಣಿ ಹತ್ತಲು ಸಾಲಿನಲ್ಲಿ ನಿಂತ ಕಾಡುಕೋಣ, ಕಡವೆ, ಮಂಗಟ್ಟೆ ಹಕ್ಕಿ. ಕಟ್ಟುವವರ ಭಾಷೆಗಳನ್ನು ದೇವರು ಕಲಸಿಬಿಟ್ಟ ಬಾಬೆಲ್ ಗೋಪುರವನ್ನು ಗುಡ್ಡದ ಮೇಲಿನ ಮೊಬೈಲ್ ಟವರ್ ಮಾಡಿದೆ. ಅದರ ಬುಡದಲ್ಲಿ ನೂರು ಜನ ಫೋನು ಕಿವಿಗಿಟ್ಟು 'ಹಲೋ ಹಲೋ' ಎನ್ನುತ್ತಿದ್ದಾರೆ, ಒಬ್ಬನ ಮಾತೂ ಒಬ್ಬನಿಗೆ ಕೇಳುತ್ತಿಲ್ಲ. ನಿನೆವೆ ಊರಿಗೆ ಹೋಗು ಎಂದು ದೇವರು ಹೇಳಿದರೆ ಯೋನ ತದ್ವಿರುದ್ಧ ದಿಕ್ಕಿನ ಹಡಗು ಹತ್ತಿ ದೊಡ್ಡ ಮೀನಿನ ಬಾಯಿಗೆ ಬಿದ್ದನಂತೆ. ಅವನನ್ನು ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಹುಬ್ಬಳ್ಳಿಗೆ ಹೋಗಬೇಕಾದವನು ಕಳ್ಳನ ಹಾಗೆ ಅತ್ತಿತ್ತ ನೋಡುತ್ತ ಕುಮಟಾ ಬಸ್ಸು ಹತ್ತುತ್ತಿದ್ದಾನೆ. ಕುಮಟಾದ ಸಮುದ್ರದಲ್ಲಿ ಮೀನು ಬಾಯಿ ತೆರೆದು ಕಾದಿದೆ. ಇದನ್ನು ನೋಡಿ ಫಾದರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾಲ್ಕನೆಯ ಗೋಡೆಗೆ ಬಂದು ನಾನು ಸಿಕ್ಕಿಬಿದ್ದೆ. ಅದು ರೂತಳ ಕತೆ. ನೊವೊಮಿ ಎಂಬ ಅತ್ತೆ, ರೂತ್ ಎಂಬ ಸೊಸೆ. ಪರ ಊರಿನಲ್ಲಿ ಅತ್ತೆಯ ಗಂಡ ಸತ್ತ, ಆಮೇಲೆ ಮಗನೂ ಸತ್ತ. ಅತ್ತೆ ತನ್ನ ಹುಟ್ಟೂರಿಗೆ ಹೊರಟಾಗ ಸೊಸೆ ತವರಿಗೆ ಹೋಗಲಿಲ್ಲ, ನೀವು ಎಲ್ಲಿಗೋ ನಾನೂ ಅಲ್ಲಿಗೇ ಎಂದು ಬೆನ್ನು ಹತ್ತಿದಳು. ಸುಗ್ಗಿಯ ಕಾಲ, ಬೇರೆಯವರ ಹೊಲದಲ್ಲಿ ಕೊಯ್ದವರು ಬಿಟ್ಟ ಹಕ್ಕಲು ಆಯ್ದು ತಂದು ಅತ್ತೆಯನ್ನು ಸಾಕಿದಳು.

ನಮ್ಮವ್ವನೂ ಹಕ್ಕಲು ಆರಿಸಿದವಳು. ಕೊಯ್ದ ಗದ್ದೆಯಲ್ಲಿ ಬಗ್ಗಿ ಬಗ್ಗಿ ಒಂದೊಂದೇ ತೆನೆ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದ ಅವಳ ಬೆನ್ನು ನನಗೆ ಚೆನ್ನಾಗಿ ನೆನಪಿದೆ. ಆದರೆ ಕುಂಚ ಹಿಡಿದರೆ ಆ ಬೆನ್ನು ಬರಲೊಲ್ಲದು. ಮೂರು ಸಲ ಬರೆದು ಮೂರು ಸಲ ಸುಣ್ಣ ಬಳಿದೆ. ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಿದರೆ ಅವಳು ಮುಖ ಓರೆ ಮಾಡಿದಳು.

"ಏನ್ರೀ ಇದು, ಈಕಿ ಹಕ್ಕಲ ಆರಸಾಕ ಬಂದಾಳೋ, ಸೀರಿ ಅಂಗಡಿ ಬೋರ್ಡಿನ್ಯಾಗಿಂದ ಇಳದ ಬಂದಾಳೋ? ಬಿಳಗಿ ಕಡೆ ಒಂದ್ ಮದುವಿ ಮನ್ಯಾಗ ಗ್ವಾಡಿ ಮ್ಯಾಲೆ ಚಿತ್ತಾರ ನೋಡಿದ್ದೆ ನಾನು. ಬರೀ ಗೆರಿ ಅವು. ಮುಖ ಇಲ್ಲ, ಮೂಗಿಲ್ಲ. ಆದ್ರ ಹೆಂಗಸ್ರು ಹೆಂಗಸ್ರಂಗ ಇದ್ರು."

ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಸಿದ್ದಾಪುರದ ಬಸ್ಸು ಹತ್ತಿ ಬಿಳಗಿಗೆ ಹೋದೆ.

ಕೇಳುತ್ತ ಹೋದರೆ ಎಲ್ಲರೂ ಒಂದೇ ಮನೆಯತ್ತ ಕೈ ತೋರಿಸಿದರು. ಗದ್ದೆಯ ಅಂಚಿನ ಮನೆ. ಅಂಗಳದಲ್ಲಿ ಗಂಗಮ್ಮ ಭತ್ತ ಒಣಗಿಸುತ್ತಿದ್ದರು. ಅರವತ್ತರ ಮೇಲಿನ ವಯಸ್ಸು, ಗಟ್ಟಿ ಆಳು. ಬಂದ ಕೆಲಸ ಹೇಳಿದೆ.

"ಬರೆಯೋ ಕೈ ನನ್ನ ಸೊಸೆದು ಪೇಂಟರ್ರೆ. ಈ ಸುತ್ತಿನ ಐದೂರಿನ ಮದುವೆಗೆ ಲಕ್ಷ್ಮಿನೇ ಬೇಕಾಗಿತ್ತು. ಈಗ ಅವಳು ಬರೆಯಲ್ಲ" ಎಂದರು.

ಮದುವೆ ಮನೆಯಲ್ಲಿ ಗಂಡು ಹೆಣ್ಣು ಕೂರುವ ಜಾಗದ ಹಿಂದಿನ ಗೋಡೆಯ ಮೇಲೆ ಅವರು ಬರೆಯುವ ಚಿತ್ತಾರಕ್ಕೆ ಹಸೆ ಎನ್ನುತ್ತಾರೆ. ಗಂಡ ಇರುವ ಹೆಂಗಸರೇ ಅದನ್ನು ಬರೆಯಬೇಕು ಎಂಬುದು ಅವರ ಕೇರಿಯ ವಾಡಿಕೆ. ಗಂಗಮ್ಮನ ಮಗ ಮಂಜುನಾಥ ಎರಡು ವರ್ಷದ ಹಿಂದೆ ಮಂಗನ ಕಾಯಿಲೆಯಲ್ಲಿ ತೀರಿಕೊಂಡಿದ್ದ. ಅವತ್ತಿನಿಂದ ಲಕ್ಷ್ಮಿಯನ್ನು ಯಾರೂ ಕರೆಯಲಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ, ಕರೆಯಲಿಲ್ಲ ಅಷ್ಟೇ. ಅವಳು ಕುಂಚವನ್ನು ಒಲೆಗೆ ಹಾಕಿದಳಂತೆ. ನಾವು ಮಾತಾಡುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಮೂವತ್ತು ಮೂವತ್ತೆರಡರ ಹುಡುಗಿ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ನಾನು ಬರೋದಿಲ್ಲ ಅತ್ತೆ" ಎಂದಷ್ಟೇ ಹೇಳಿ ಒಳಗೆ ಹೋದಳು.

ಗಂಗಮ್ಮ ಸ್ವಲ್ಪ ಹೊತ್ತು ಭತ್ತ ಕೆದಕಿದರು. ಆಮೇಲೆ ಜೋರಾಗಿ, ಒಳಗೆ ಕೇಳುವ ಹಾಗೆ, "ನಾನೇ ಬಂದು ಬರೀತೀನಿ ಪೇಂಟರ್ರೆ. ಇವಳಿಗೆ ಕಲಿಸಿದವಳು ನಾನೇ ಅಲ್ವಾ? ಇವಳು ಅಕ್ಕಿ ಅರೆದುಕೊಟ್ಟರೆ ಸಾಕು" ಎಂದರು.

ಸಂಕ್ರಾಂತಿ ಕಳೆದ ವಾರ ಇಬ್ಬರೂ ಬಂದರು. ಸಿದ್ದಾಪುರದಿಂದ ಶಿರಸಿಗೆ, ಶಿರಸಿಯಿಂದ ಯಲ್ಲಾಪುರಕ್ಕೆ, ಎರಡೂ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರಾಯಿತು. ಗಂಗಮ್ಮ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡು ಇಳಿದರು. ಸಿಸ್ಟರುಗಳ ಮನೆಯಲ್ಲಿ ಉಳಿಯುವ ವ್ಯವಸ್ಥೆಯಾಯಿತು. ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸಿದೆವು. ಲಕ್ಷ್ಮಿ ಅಕ್ಕಿ ಅರೆದಳು, ಹುರಿದ ಅಕ್ಕಿಯಿಂದ ಕಪ್ಪು ಮಾಡಿದಳು, ಪುಂಡಿ ನಾರು ಜಜ್ಜಿ ಕುಂಚ ಕಟ್ಟಿದಳು. ಕಟ್ಟಿ ಅತ್ತೆಯ ಕೈಗೆ ಕೊಟ್ಟು ದೂರ ಹೋಗಿ ಕೂತಳು.

ರೂತಳ ಕತೆಯನ್ನು ಅವರಿಗೆ ಹೇಳಿದವನು ನಾನು. ಒಂದು ಕಳ್ಳತನ ಮಾಡಿದೆ. ಹಕ್ಕಲು ಆಯ್ದು ಅತ್ತೆಯನ್ನು ಸಾಕಿದಳು ಎಂಬಲ್ಲಿಗೆ ನಿಲ್ಲಿಸಿಬಿಟ್ಟೆ. ಮುಂದಿನದ್ದನ್ನು ಆ ಇಬ್ಬರ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

ಮೊದಲ ದಿನ ಗಂಗಮ್ಮ ಅಂಚಿನ ಗೆರೆಗೆ ಕುಂಚ ಹಚ್ಚಿದರು. ಕೆಳಮೂಲೆಯಿಂದ ಶುರು. ಗೆರೆ ಅರ್ಧ ಮೊಳ ನೆಟ್ಟಗೆ ಹೋಗಿ ಸೊಟ್ಟವಾಯಿತು. ಎರಡನೆಯದು ಇನ್ನೂ ಸೊಟ್ಟ. ಕಸ ಗುಡಿಸಲು ಬಂದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಸಿಸ್ಟರುಗಳು ಮುಖ ಮುಖ ನೋಡಿಕೊಂಡರು. ಗಂಗಮ್ಮ ಕಣ್ಣುಜ್ಜಿಕೊಂಡು, "ಕಣ್ಣು ಸರಿ ಕಾಣಲ್ಲ ಮಾರಾಯ್ರೆ" ಎಂದರು. ನನಗೆ ಸಿಟ್ಟು ಬಂತು. ಇಷ್ಟು ದೂರದಿಂದ ಕರೆಸಿ, ಫಾದರ್ ಎದುರು ನನ್ನ ಮರ್ಯಾದೆ ಹೋಯಿತಲ್ಲ ಎಂದು.

"ಅಮ್ಮಾರ, ಇದು ಗೆರಿಯೋ ಹಾವೋ?" ಎಂದುಬಿಟ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು. ಗಂಗಮ್ಮನೂ ನಕ್ಕರು. ನಕ್ಕು, ಮೂರನೆಯ ಗೆರೆ ಎಳೆಯತೊಡಗಿದರು. ಅದು ಎರಡನೆಯದನ್ನು ಹೋಗಿ ಮುಟ್ಟುವಂತಿತ್ತು.

ಲಕ್ಷ್ಮಿ ಎದ್ದು ಬಂದಳು. ಅತ್ತೆಯ ಕೈಯಿಂದ ಕುಂಚ ತೆಗೆದುಕೊಂಡಳು. ಯಾರನ್ನೂ ನೋಡಲಿಲ್ಲ. ಉಸಿರು ಹಿಡಿದು ಒಂದು ಗೆರೆ ಎಳೆದಳು. ನಾನು ಇಪ್ಪತ್ತು ವರ್ಷ ದಾರ ಹಿಡಿದು, ಪಟ್ಟಿ ಇಟ್ಟು ಗೆರೆ ಹಾಕಿದವನು. ದಾರವಿಲ್ಲದೆ ಅಂಥ ಗೆರೆಯನ್ನು ನಾನು ಎಳೆದವನೂ ಅಲ್ಲ, ನೋಡಿದವನೂ ಅಲ್ಲ. ಅವಳು ಆ ಮೂರು ಗೆರೆಗಳನ್ನು ಒರೆಸಲು ಹೋದಾಗ ಗಂಗಮ್ಮ ತಡೆದರು.

"ಇರಲಿ ಬಿಡೇ. ಮುದುಕಿನೂ ಬಂದಿದ್ದಳು ಅಂತ ಗುರುತಿಗೆ."

ಆಮೇಲೆ ಎಂಟು ದಿನ ನಾನು ಅವಳ ಹಿಂದೆ ನಿಂತು ನೋಡುವುದೇ ಕೆಲಸ ಮಾಡಿಕೊಂಡೆ. ಗೋಡೆಯ ಮೇಲೆ ನೊವೊಮಿ ಮತ್ತು ರೂತ್ ಪರ ಊರಿನಿಂದ ಸರಕಾರಿ ಬಸ್ಸಿನಲ್ಲಿ ಬಂದರು. ಚಿತ್ತಾರದ ಗಾಡಿಯ ಚಕ್ರಗಳೇ ಬಸ್ಸಿನ ಚಕ್ರವಾದವು. ಕಿಟಕಿ ಪಕ್ಕ ಕೂತ ನೊವೊಮಿಯ ಕೈಯಲ್ಲಿ ಚೌಕಾಕಾರದ ಒಂದು ಚೀಟಿ. "ಅದು ಅತ್ತೆಯ ಆಧಾರ್ ಕಾರ್ಡು" ಎಂದಳು ಲಕ್ಷ್ಮಿ. ಎರಡು ವರ್ಷದಲ್ಲಿ ಅವಳು ಮಾಡಿದ ಮೊದಲ ತಮಾಷೆ ಅದು ಎಂದು ಗಂಗಮ್ಮ ಆಮೇಲೆ ಹೇಳಿದರು. ಹೊಲದಲ್ಲಿ ಕೊಯ್ಲಿನ ಮಷಿನ್ ಬರೆಸೋಣ, ಈಗಿನ ಕಾಲದ್ದಾಗುತ್ತದೆ ಎಂದು ನಾನು ಮೂಗು ತೂರಿಸಿದೆ. "ಮಷಿನ್ ಬಂದ್ರೆ ಆ ಹುಡುಗಿಗೆ ಹಕ್ಕಲು ಎಂತ ಉಳೀತದೆ ಪೇಂಟರ್ರೆ?" ಎಂದರು ಗಂಗಮ್ಮ. ರೂತ್ ಬಗ್ಗಿ ತೆನೆ ಎತ್ತುವ ಚಿತ್ರ ಬಂತು. ಎರಡು ತ್ರಿಕೋನ, ನಾಲ್ಕು ಗೆರೆ, ಅಷ್ಟೇ. ಅದು ನಮ್ಮವ್ವನ ಬೆನ್ನು. ನಾನು ಬಣ್ಣದ ಡಬ್ಬಿ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಕಣ್ಣೊರೆಸಿಕೊಂಡೆ.

ಗೋಡೆಯ ಬಲಗಡೆ ಒಂದು ಆಳಗಲ ಜಾಗ ಉಳಿಯಿತು. ಗಂಗಮ್ಮ ಅದನ್ನೇ ನೋಡುತ್ತ, "ಆಮೇಲೆ ಎಂತ ಆಯ್ತು?" ಎಂದು ಕೇಳಿದರು. ಅಷ್ಟೇ ಎಂದೆ. "ಸುಳ್ಳು" ಎಂದವರೇ ನೇರ ಫಾದರ್ ಬಳಿ ಹೋದರು. ಅರ್ಧ ಗಂಟೆ ಬಿಟ್ಟು ಬಂದು ಸೊಸೆಯ ಎದುರು ನಿಂತರು.

"ಲಕ್ಷ್ಮಿ, ಅಲ್ಲಿ ಹಸೆ ಬರಿ."

ಲಕ್ಷ್ಮಿ ಕುಂಚ ಕೆಳಗಿಟ್ಟಳು. "ಹಸೆ ನಾನು ಬರೀಬಾರದು ಅತ್ತೆ. ನಿಮಗೆ ಗೊತ್ತಿಲ್ವಾ?"

"ಯಾರ ಮದುವೆ ಹಸೆ ಅಂತ ಕೇಳು ಮೊದಲು. ಹಕ್ಕಲು ಆಯ್ದ ಹೊಲದ ಯಜಮಾನ ಇದ್ದನಂತೆ, ಬೋವಜ ಅಂತ. ಒಳ್ಳೇವ್ನು. ಅತ್ತೆನೇ ಮುಂದೆ ನಿಂತು ಸೊಸೆಯ ಮದುವೆ ಮಾಡಿಸಿದಳಂತೆ. ರೂತಮ್ಮನ ಹಸೆ ಕಣೇ ಇದು. ಮದುಮಗಳೇ ಗಂಡನ್ನ ಕಳಕೊಂಡವಳು. ಅಂಥವಳ ಹಸೆ ನೀನು ಬರೀಬಾರದು ಅಂದ್ರೆ ಇನ್ಯಾರು ಬರೀಬೇಕು?"

ತಗಡಿನ ಮೇಲೆ ಎಲೆ ಬಿದ್ದದ್ದು ಕೇಳಿಸಿತು. ಲಕ್ಷ್ಮಿ ಗೋಡೆಗೆ ಹಣೆ ಒತ್ತಿ ಬಹಳ ಹೊತ್ತು ಅತ್ತಳು. ಗಂಗಮ್ಮ ಸಮಾಧಾನ ಮಾಡಲು ಹೋಗಲಿಲ್ಲ, ಬಟ್ಟಲಿನ ಹಿಟ್ಟು ಒಣಗದಂತೆ ಕದಡುತ್ತ ಕೂತರು. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಲಕ್ಷ್ಮಿ ಮುಖ ತೊಳೆದು ಬಂದು ಹಸೆ ಶುರು ಮಾಡಿದಳು. ಮೂರು ದಿನ ಬರೆದಳು.

ಫೆಬ್ರುವರಿಯ ಒಂದು ಭಾನುವಾರ ಸಭಾಭವನ ತೆರೆದಾಗ ಗಂಗಮ್ಮ ಊರಿನಿಂದ ಟೆಂಪೊ ತುಂಬ ನೆಂಟರನ್ನು ಕರೆತಂದರು. ಅವರ ಅಣ್ಣನ ಮಗಳು ಸುಮಾ ಆ ಗೋಡೆಯ ಎದುರಿಂದ ಕದಲಲೇ ಇಲ್ಲ. ಅವಳ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಮನೆಯ ಹಿರಿಯ ಹೆಂಗಸರು ಬೇರೆ ಯಾರನ್ನೋ ಹಸೆಗೆ ಹೇಳಿದ್ದರು. ಸುಮಾ ಹಟ ಹಿಡಿದಳು. ಲಕ್ಷ್ಮಕ್ಕ ಬರೆದ ಹಸೆ ಇಲ್ಲದಿದ್ದರೆ ತಾನು ಬರಿ ಗೋಡೆಯ ಮುಂದೆ ಕೂರುತ್ತೇನೆ ಎಂದಳು. ಒಂದು ತಿಂಗಳು ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತಂತೆ. ಇನ್ನೇನು ಆಗುವುದಿಲ್ಲ ಎಂದು ಗಂಗಮ್ಮ ಫೋನಿನಲ್ಲಿ ಎರಡು ಸಲ ಹೇಳಿದ್ದರು. ಕೊನೆಗೆ ಲಗ್ನಪತ್ರಿಕೆ ಹಿಡಿದು ಅಂಗಡಿಗೆ ಬಂದವಳು ಲಕ್ಷ್ಮಿಯೇ. ಕಾಗದ ಕೊಡುವ ಅವಳ ಉಗುರಿನ ಸಂದಿಯಲ್ಲಿ ಕೆಮ್ಮಣ್ಣಿತ್ತು. ಕೇಳುವುದೇನೂ ಉಳಿಯಲಿಲ್ಲ.

ಮದುವೆಗೆ ಹೆಂಡತಿಯ ಜೊತೆ ಹೋದೆ. ಹಸೆ ನೋಡಿದೆ, ಹೊಟ್ಟೆ ತುಂಬ ಉಂಡೆ. ವಾಪಸು ಬರುವಾಗ ಗಂಗಮ್ಮನ ಮನೆಗೆ ಹೊಕ್ಕೆವು. ಒಳಗೋಡೆಯ ಗೂಟಕ್ಕೆ ಒಂದು ಬುಟ್ಟಿ ತೂಗುಹಾಕಿತ್ತು. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿ. ಅದರ ಮೈತುಂಬ ಚಿತ್ತಾರ. ಕೂದಲಿನಷ್ಟು ಸಣ್ಣ ಗೆರೆಗಳು, ಒಂದನ್ನೊಂದು ಮುಟ್ಟದ ಹಾಗೆ, ನೂರಾರು.

"ಲಕ್ಷ್ಮೀ, ಇದು ಹಸಿಗಿಂತ ಚಂದ ಐತಲ್ಲವಾ. ಯಾವಾಗ ಬರದಿ?" ಎಂದೆ.

"ಅದು ನಂದಲ್ಲ ಅಣ್ಣ, ಅತ್ತೆದು. ನಮ್ಮನೆಯವರು ತೀರಿಕೊಂಡ ಮೇಲೆ ನಾನು ಬುಟ್ಟಿನೂ ಬರೀಲಿಲ್ಲ. ಹೋದ ಭೂಮಿ ಹುಣ್ಣಿಮೆಗೆ ಅತ್ತೆನೇ ಬರೆದದ್ದು."

ಹೋದ ಭೂಮಿ ಹುಣ್ಣಿಮೆ ಎಂದರೆ ದೀಪಾವಳಿಗೂ ಮೊದಲು. ಅವರು ಸಭಾಭವನಕ್ಕೆ ಬಂದು ಕಣ್ಣು ಕಾಣಲ್ಲ ಎಂದದ್ದಕ್ಕೆ ಮೂರು ತಿಂಗಳ ಹಿಂದೆ. ತಿರುಗಿ ನೋಡಿದೆ. ಗಂಗಮ್ಮ ಎಲೆಗೆ ಸುಣ್ಣ ಹಚ್ಚುತ್ತ, "ಕಣ್ಣು ಒಂದೊಂದು ದಿನ ಕಾಣ್ತದೆ ಮಾರಾಯ್ರೆ" ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು.

ಅಂಗಳದವರೆಗೆ ಕಳಿಸಲು ಬಂದ ಲಕ್ಷ್ಮಿ ಮೆಲ್ಲಗೆ ಹೇಳಿದಳು: "ನಂಗೆ ಅವತ್ತೇ ಗೊತ್ತಿತ್ತು ಅಣ್ಣ. ಬೇಕಂತಲೇ ಸೊಟ್ಟ ಎಳೀತಿದ್ದಾರೆ ಅಂತ. ನಾನು ಏಳಬಾರದು ಅಂತಲೇ ಕೂತಿದ್ದೆ. ಆದ್ರೆ ಅಂಥಾ ಕೈ, ಅಷ್ಟು ಜನ ನಗ್ತಾ ಇರೋವಾಗ, ನಂಗೋಸ್ಕರ ಮೂರನೇ ಗೆರೆನೂ ಸೊಟ್ಟ ಎಳೀತಲ್ಲ. ಅದನ್ನ ನೋಡ್ಕಂಡು ಕೂರಕ್ಕೆ ಆಗ್ಲಿಲ್ಲ."

ಅಷ್ಟು ಜನರನ್ನು ನಗಿಸಿದವನು ನಾನೇ. ಆ ವರ್ಷಕ್ಕೆ ನಾನು ಎಷ್ಟು ಕೈ ಮುಗಿದರೂ ಸಾಲದು. ನನಗೆ ನನ್ನ ಕುಂಚ ಸಿಕ್ಕಿತು, ನಮ್ಮವ್ವನ ಬೆನ್ನು ಸಿಕ್ಕಿತು. ದೊಡ್ಡ ಕೈ ಹೇಗಿರುತ್ತದೆ ಎಂದು ನೋಡಲೂ ಸಿಕ್ಕಿತು. ಈಗಲೂ ಲಕ್ಷ್ಮಿಯನ್ನು ಮದುವೆಗಳಿಗೆ ಕರೆಯುತ್ತಾರೆ. ಎಲ್ಲರೂ ಅಲ್ಲ, ಆದರೂ ಕರೆಯುತ್ತಾರೆ. ಗಂಗಮ್ಮ ಜೊತೆಗೆ ಹೋಗಿ ಅಕ್ಕಿ ಅರೆದುಕೊಡುತ್ತಾರೆ.

ಇಷ್ಟು ಕೇಳಿದ ಹೊಸ ಫಾದರ್ ಎದ್ದು ಹೋಗಿ ಆ ಮೂಲೆಯಲ್ಲಿ ಮೊಣಕಾಲೂರಿ ಗೆರೆಗಳನ್ನು ಹತ್ತಿರದಿಂದ ನೋಡಿದರು. "ನಡುವಿನದು ಒಂದು ಕಡೆ ಅಳಿಸಿಹೋಗಿದೆ ಬಸವರಾಜ್. ಹಾಗೇ ಬಿಟ್ಟರೆ ಬರುವ ವರ್ಷ ಇರಲಿಕ್ಕಿಲ್ಲ" ಎಂದರು.

ನಿಜವಾಗಿತ್ತು. ಒಣ ಬಟ್ಟೆಯಿಂದ ಧೂಳು ಒರೆಸಿ, ಕುಂಚ ಅದ್ದಿ, ಉಸಿರು ಹಿಡಿದು ಕೂತೆ. ಗಂಗಮ್ಮನ ಕೈ ಎಲ್ಲಿ ಬಾಗಿತ್ತೋ ಅಲ್ಲೇ ಬಾಗಿಸಿ, ಎಲ್ಲಿ ನಡುಗಿದಂತೆ ಮಾಡಿತ್ತೋ ಅಲ್ಲೇ ನಡುಗಿಸಿ ಅಳಿಸಿದ್ದನ್ನು ತುಂಬಿದೆ. ಒಂದು ಗೇಣು ಗೆರೆಗೆ ಒಂದು ಗಂಟೆ ಹಿಡಿಯಿತು. ನೆಟ್ಟಗೆ ಎಳೆದು ಎಳೆದು ಪಳಗಿದ ಕೈಗೆ ಸೊಟ್ಟ ಎಳೆಯುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಅವತ್ತು.